ಮೂರನೆಯ ಅಜ್ಜಿಯ ಸಾವಿಗೆ ಪುರಾವೆ ಕೇಳುವ ಮುನ್ನ

ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಅರ್ಧಕ್ಕೆ ಬಂದು ಮೊದಲ ದೊಡ್ಡ ಅಸೈನ್‌ಮೆಂಟಿನ ಗಡುವು ಹತ್ತಿರವಾಯಿತೆಂದರೆ, ಹೊಸ ಟ್ಯೂಟರುಗಳಿಂದ ನನಗೆ ಒಂದೇ ಧಾಟಿಯ ಇಮೇಲ್‌ಗಳು ಬರತೊಡಗುತ್ತವೆ. ‘ಮೇಡಂ, ಈ ಅಬೊರಿಜಿನಲ್ ವಿದ್ಯಾರ್ಥಿನಿ ಅಜ್ಜಿ ತೀರಿಕೊಂಡರೆಂದು ಗಡುವು ಮುಂದೂಡಲು ಕೇಳುತ್ತಿದ್ದಾಳೆ. ಈ ವರ್ಷ ಇದು ಮೂರನೆಯ ಅಜ್ಜಿ. ಮರಣ ಪ್ರಮಾಣಪತ್ರ ಕೇಳಿದೆ, ಉತ್ತರವಿಲ್ಲ. ಸೊನ್ನೆ ಹಾಕಲೇ?’ ಎಂಬುದು ಅವುಗಳ ಸಾರಾಂಶ. ‘ಮೂರನೆಯ ಅಜ್ಜಿ’ ಎಂಬಲ್ಲಿ ಒಂದು ಕಿರುನಗೆ ಇರುತ್ತದೆ. ಅದೇ ನನ್ನ ತಾಳ್ಮೆ ಕೆಡಿಸುವುದು. ಹೀಗೆ ಬರೆಯುವವರಲ್ಲಿ ಮೈಸೂರು, ಧಾರವಾಡ, ಮಂಗಳೂರುಗಳಿಂದ ಪಿಎಚ್.ಡಿ.ಗೆಂದು ಬಂದು, ಕೈಖರ್ಚಿಗೆ ಟ್ಯೂಟೋರಿಯಲ್ ತರಗತಿಗಳನ್ನು ತೆಗೆದುಕೊಳ್ಳುವ ನಮ್ಮವರೂ ಇರುವುದರಿಂದ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಾನು ನರ್ಸಿಂಗ್ ಮತ್ತು ಸಾರ್ವಜನಿಕ ಆರೋಗ್ಯದ ಮೊದಲ ವರ್ಷದ ಪಾಠಗಳ ಸಂಯೋಜಕಿಯೇ ಹೊರತು ಅಬೊರಿಜಿನಲ್, ಅಂದರೆ ಇಲ್ಲಿನ ಮೂಲನಿವಾಸಿ, ಸಮುದಾಯದವಳಲ್ಲ. ಬ್ರಿಟಿಷರು ಬಂದಿಳಿದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಪರ್ತ್ ಸುತ್ತಲಿನ ನೂಂಗರ್ ಜನರ ರೂಢಿಯನ್ನು ಆರ್ನೆಮ್ ಲ್ಯಾಂಡಿನ ಯೋಲ್ಙು ಜನರ ಮೇಲೆ ಹೇರುವಂತಿಲ್ಲ. ಸಿಡ್ನಿಯ ಬಡಾವಣೆಯಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ನಾನು ಮುಂದೆ ಹೇಳುವುದರಲ್ಲಿ ಅರ್ಧವೂ ಅನ್ವಯಿಸದಿರಬಹುದು. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ನಿಯಮಗಳೂ ಬದಲಾಗುತ್ತವೆ. ಆದ್ದರಿಂದ ನಿಮ್ಮ ಸಂಸ್ಥೆಯ ಲಿಖಿತ ನೀತಿಯನ್ನು ಓದದೆ, ನಾನು ಹೇಳಿದೆನೆಂಬ ಕಾರಣಕ್ಕೆ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ಅಜ್ಜಿಯ ವಿಷಯ. ಆಸ್ಟ್ರೇಲಿಯದ ಉದ್ಯೋಗ ಕಾನೂನು ಸಾವಿನ ರಜೆಗೆ ಪರಿಗಣಿಸುವ ‘ಹತ್ತಿರದ ಕುಟುಂಬ’ದಲ್ಲಿ ಸಂಗಾತಿ, ಮಕ್ಕಳು, ತಂದೆತಾಯಿ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು ಬರುತ್ತಾರೆ, ಪ್ರತಿ ಸಂದರ್ಭಕ್ಕೆ ಸಿಗುವ ರಜೆ ಎರಡು ದಿನ. ವಿದ್ಯಾರ್ಥಿಗಳು ತುಂಬುವ ನಮೂನೆಗಳೂ ಬಹುಮಟ್ಟಿಗೆ ಇದೇ ಅಚ್ಚಿನಲ್ಲಿ ಎರಕಗೊಂಡಿವೆ. ಸಿಡ್ನಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1850ರಲ್ಲಿ, ಮೆಲ್ಬರ್ನ್ ವಿಶ್ವವಿದ್ಯಾಲಯ 1853ರಲ್ಲಿ. ಅಬೊರಿಜಿನಲ್ ಸಮುದಾಯದ ಮೊದಲ ಪದವೀಧರರ ಸಾಲಿಗೆ ಸೇರುವ ಮಾರ್ಗರೆಟ್ ವಿಲಿಯಮ್ಸ್-ವೀರ್ ಮೆಲ್ಬರ್ನಿನಿಂದ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದದ್ದು 1959ರಲ್ಲಿ, ಅದೇ ಸಾಲಿನ ಚಾರ್ಲ್ಸ್ ಪರ್ಕಿನ್ಸ್ ಸಿಡ್ನಿಯಲ್ಲಿ ಪದವೀಧರರಾದದ್ದು 1966ರಲ್ಲಿ. ನೂರು ವರ್ಷಗಳಿಗೂ ಮೀರಿ ಈ ಜನ ಒಳಗೇ ಇರದ ಸಂಸ್ಥೆಗಳ ಅರ್ಜಿ ನಮೂನೆಯಲ್ಲಿ ಅವರ ಕುಟುಂಬಕ್ಕೆ ಜಾಗವಿಲ್ಲದಿರುವುದು ಆಶ್ಚರ್ಯವಲ್ಲ. ಆ ನಮೂನೆಯ ಪೆಟ್ಟಿಗೆಗಳೇ ಲೋಕದ ಅಳತೆಯೆಂದು ಟ್ಯೂಟರುಗಳು ನಂಬುವುದು ನನಗೆ ಆಶ್ಚರ್ಯ.

ಮಧ್ಯ ಆಸ್ಟ್ರೇಲಿಯದ ವಾಲ್‌ಪಿರಿ ಜನರನ್ನು ತೆಗೆದುಕೊಳ್ಳೋಣ. ಇಡೀ ಸಮಾಜ ಎಂಟು ವಿಭಾಗಗಳಲ್ಲಿ ಹಂಚಿಹೋಗಿದೆ. ಮಗು ಯಾವ ವಿಭಾಗಕ್ಕೆ ಸೇರುತ್ತದೆ ಎಂಬುದು ತಂದೆತಾಯಿಯರ ವಿಭಾಗದಿಂದಲೇ ನಿಶ್ಚಯವಾಗುತ್ತದೆ, ಮತ್ತು ಆ ಒಂದು ಸ್ಥಾನದಿಂದ ಊರಿನ ಪ್ರತಿಯೊಬ್ಬರೂ ಆ ಮಗುವಿಗೆ ಏನಾಗಬೇಕು ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ತಾಯಿಯ ಅಕ್ಕತಂಗಿಯರು ತಾಯಂದಿರೇ. ಅಜ್ಜಿಯ ಅಕ್ಕತಂಗಿಯರೆಲ್ಲ ಅಜ್ಜಿಯರೇ. ಇದು ಗೌರವಕ್ಕೆ ಕರೆಯುವ ಬಾಯಿಮಾತಿನ ನಂಟಲ್ಲ, ಕರ್ತವ್ಯ ಹೊರಿಸುವ ನಂಟು. ಈ ಮಾತು ಐರೋಪ್ಯ ಮೂಲದ ಸಹೋದ್ಯೋಗಿಗಳಿಗೆ ಅರ್ಥವಾಗಲು ಸಮಯ ಹಿಡಿದರೆ ನಾನು ಸುಮ್ಮನಿರಬಲ್ಲೆ. ಆದರೆ ಚಿಕ್ಕಮ್ಮನ ಮಗನನ್ನು ಅಣ್ಣನೆಂದೂ ಸೋದರಮಾವನ ಮಗನನ್ನು ಮದುವೆಯಾಗಬಹುದಾದ ವರನೆಂದೂ ಹುಟ್ಟಿನಿಂದ ಬಲ್ಲ ನಮ್ಮವರಿಗೂ ಇದು ಹೊಳೆಯದಿದ್ದರೆ ಬೇಸರವಾಗುತ್ತದೆ. ದಕ್ಷಿಣ ಭಾರತದ ಈ ಕಟ್ಟನ್ನೂ ಪಶ್ಚಿಮ ಆಸ್ಟ್ರೇಲಿಯದ ಕಾರಿಯೆರಾ ಜನರ ಬಂಧುತ್ವವನ್ನೂ ಮಾನವಶಾಸ್ತ್ರಜ್ಞರು ಬಹುಕಾಲದಿಂದ ಅಕ್ಕಪಕ್ಕ ಇಟ್ಟು ನೋಡುತ್ತ ಬಂದಿದ್ದಾರೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕುಟುಂಬವೆಂದರೆ ಒಂದೇ ಸೂರಿನಡಿಯ ನಾಲ್ವರಲ್ಲ ಎಂಬುದನ್ನಾದರೂ ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ.

ಒಂದೇ ವರ್ಷದಲ್ಲಿ ಅಷ್ಟೊಂದು ಸಾವು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ಆರೋಗ್ಯದ ಪಾಠ ಹೇಳುವವರೇ ಇದನ್ನು ಕೇಳಿದಾಗ ನನಗೆ ಮಾತು ಹೊರಡುವುದಿಲ್ಲ. ಆಸ್ಟ್ರೇಲಿಯದ ಅಂಕಿಅಂಶ ಇಲಾಖೆ 2020–2022ಕ್ಕೆ ಕೊಟ್ಟ ಲೆಕ್ಕದಲ್ಲಿ ಮೂಲನಿವಾಸಿ ಗಂಡಸರ ನಿರೀಕ್ಷಿತ ಆಯುಷ್ಯ 71.9 ವರ್ಷ, ಹೆಂಗಸರದು 75.6; ಉಳಿದವರಿಗಿಂತ ಕ್ರಮವಾಗಿ 8.8 ಮತ್ತು 8.1 ವರ್ಷ ಕಡಿಮೆ. ದೂರದ ಊರುಗಳಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಈ ಸಂಖ್ಯೆಗಳ ಸ್ಲೈಡನ್ನು ಸೋಮವಾರ ತರಗತಿಯಲ್ಲಿ ತೋರಿಸಿ, ಮಂಗಳವಾರ ಅದೇ ತರಗತಿಯ ಹುಡುಗಿಗೆ ‘ಮತ್ತೊಂದು ಅಂತ್ಯಕ್ರಿಯೆಯೇ?’ ಎಂದು ಬರೆಯುವುದು ಹೇಗೆ ಸಾಧ್ಯವಾಗುತ್ತದೋ ತಿಳಿಯದು. ಬಳಗ ದೊಡ್ಡದು, ಆಯುಷ್ಯ ಚಿಕ್ಕದು. ಇಪ್ಪತ್ತರ ಹರೆಯದವರು ತಮ್ಮ ಸಹಪಾಠಿಗಳಿಗಿಂತ ಎಷ್ಟೋ ಹೆಚ್ಚು ಸಲ ಸ್ಮಶಾನಕ್ಕೆ ಹೋಗಬೇಕಾಗುವುದು ಸರಳ ಗಣಿತ.

ಇನ್ನು, ಯಾರಿಗೆ ಎಷ್ಟು ವಿವರಿಸಿದರೂ ಮತ್ತೆ ಮತ್ತೆ ಮರೆತುಹೋಗುವ ಸಂಗತಿಗೆ ಬರುತ್ತೇನೆ. ಸಾವು ಮತ್ತು ಅಂತ್ಯಕ್ರಿಯೆ ಎರಡು ಬೇರೆ ಘಟನೆಗಳು. ನಮ್ಮಲ್ಲಿ ಉಸಿರು ನಿಂತ ದಿನವೋ ಮರುದಿನವೋ ದಹನವೋ ದಫನವೋ ಮುಗಿದು, ಹನ್ನೊಂದು ಹದಿಮೂರು ದಿನಗಳಲ್ಲಿ ಕರ್ಮ ತೀರುವುದರಿಂದ, ಅಲ್ಲಿಯೂ ಹೀಗೆಯೇ ಎಂದು ಭಾವಿಸುತ್ತೇವೆ. ಅಬೊರಿಜಿನಲ್ ಸಮುದಾಯಗಳಲ್ಲಿ ಸಾವಿಗೆ ಸಂಬಂಧಿಸಿದ ಆಚರಣೆಗಳನ್ನೆಲ್ಲ ಒಟ್ಟಾಗಿ ‘ಸಾರಿ ಬಿಸಿನೆಸ್’ ಎನ್ನುತ್ತಾರೆ. ಸುದ್ದಿ ತಿಳಿದ ಕೂಡಲೇ ಬಂಧುಗಳು ಒಂದೆಡೆ ಸೇರಿ ಶೋಕ ಆಚರಿಸುವುದು ಒಂದು ಹಂತ. ಅಂತ್ಯಕ್ರಿಯೆ ನಡೆಯುವುದು ಅದಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಮರಣ ವಿಚಾರಣಾಧಿಕಾರಿಯ ಅನುಮತಿ ಬರಬೇಕು, ಆಸ್ಪತ್ರೆಯಿರುವ ನಗರದಿಂದ ದೇಹವನ್ನು ಸಾಗಿಸಲು ಹಣ ಕೂಡಬೇಕು, ನೂರಾರು ಕಿಲೊಮೀಟರ್ ದೂರದ ನೆಂಟರು ಬರಬೇಕು. ವಾಲ್‌ಪಿರಿ ಜನರ ಯುಎಂಡುಮು ಊರು ಮಧ್ಯ ಆಸ್ಟ್ರೇಲಿಯದ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 290 ಕಿಲೊಮೀಟರ್. ಆಲಿಸ್ ಸ್ಪ್ರಿಂಗ್ಸ್ ಡಾರ್ವಿನ್ನಿನಿಂದ ಸುಮಾರು 1,500. ಉತ್ತರದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ರಸ್ತೆಗಳು ಮುಚ್ಚಿದರೆ ನಿಗದಿಯಾದ ದಿನವೂ ಮುಂದಕ್ಕೆ ಹೋಗುತ್ತದೆ.

ಆದ್ದರಿಂದ ವಿದ್ಯಾರ್ಥಿನಿ ಮಾರ್ಚಿನಲ್ಲಿ ಸುದ್ದಿ ಬಂದಾಗ ಒಮ್ಮೆ, ಏಪ್ರಿಲಿನಲ್ಲಿ ಗೊತ್ತಾದ ದಿನ ತಪ್ಪಿದಾಗ ಇನ್ನೊಮ್ಮೆ, ಮೇ ತಿಂಗಳಲ್ಲಿ ಕೊನೆಗೂ ಅಂತ್ಯಕ್ರಿಯೆ ನಡೆದಾಗ ಮತ್ತೊಮ್ಮೆ ಇಮೇಲ್ ಬರೆಯುತ್ತಾಳೆ. ಟ್ಯೂಟರ್ ಮಹಾಶಯರು ಬೆರಳು ಮಡಚಿ ಮೂರು ಅಜ್ಜಿಯರನ್ನು ಎಣಿಸುತ್ತಾರೆ. ಸತ್ತವರು ಒಬ್ಬರೇ! ನಾನು ಕುಳಿತು ವಿಚಾರಿಸಿದ ‘ಮೂರನೆಯ ಅಜ್ಜಿ’ಯ ಪ್ರಕರಣಗಳಲ್ಲಿ ಹಲವು ಹೀಗೆಯೇ ಒಬ್ಬರೇ ಅಜ್ಜಿಗೆ ಬಂದು ನಿಂತಿವೆ. ‘ಘಟನೆ ನಡೆದ ಮೂರು ಕೆಲಸದ ದಿನಗಳೊಳಗೆ ಅರ್ಜಿ ಸಲ್ಲಿಸಬೇಕು’ ಎಂಬಂಥ ನಿಯಮವಿದ್ದರೆ, ಯಾವ ಘಟನೆಯಿಂದ ಮೂರು ದಿನ ಎಂದು ಕೇಳುವಷ್ಟಾದರೂ ವಿವೇಕ ನಮಗಿರಬೇಕು.

ಪುರಾವೆಯ ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ. ಮರಣ ಪ್ರಮಾಣಪತ್ರ ಸಾಮಾನ್ಯವಾಗಿ ಕಾನೂನಿನ ಲೆಕ್ಕದ ಹತ್ತಿರದ ವಾರಸುದಾರರ ಕೈಸೇರುತ್ತದೆ. ಮೊಮ್ಮಗಳೆಂದು ಹೋಗಿ ಕೇಳುವವಳ ಕೈಗಲ್ಲ. ಅಷ್ಟೇ ಅಲ್ಲದೆ, ಅನೇಕ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರನ್ನು ಬಹುಕಾಲ ಉಚ್ಚರಿಸುವಂತಿಲ್ಲ, ಅವರ ಚಿತ್ರ ತೋರಿಸುವಂತಿಲ್ಲ. ಮಧ್ಯ ಆಸ್ಟ್ರೇಲಿಯದಲ್ಲಿ ಬದುಕಿರುವ ಬೇರೊಬ್ಬರಿಗೂ ಅದೇ ಹೆಸರಿದ್ದರೆ ಅವರನ್ನೂ ‘ಕುಮಂಜಯಿ’ ಎಂಬ ಬದಲಿ ಹೆಸರಿನಿಂದ ಕರೆಯುತ್ತಾರೆ. ಒಮ್ಮೆ ನಮ್ಮ ತರಗತಿಯಲ್ಲಿ ಹುಡುಗನೊಬ್ಬ ಹಾಜರಿ ಕೂಗಿದಾಗ ಓಗೊಡುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ. ಟ್ಯೂಟರ್ ಅದನ್ನು ಉದ್ಧಟತನವೆಂದು ಬರೆದುಕೊಂಡರು. ಅವನ ಹೆಸರಿನವರೇ ಊರಿನಲ್ಲಿ ತೀರಿಕೊಂಡಿದ್ದರು, ಆ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಕೂಗುತ್ತಿದ್ದವರು ನಾವು. ಮೃತರ ಪೂರ್ಣ ಹೆಸರು, ಸಂಬಂಧ, ಮರಣದ ದಿನಾಂಕವನ್ನು ಕಡ್ಡಾಯವಾಗಿ ತುಂಬಿಸಿಕೊಳ್ಳುವ ನಮೂನೆಯ ಮುಂದೆ ಇಂಥ ವಿದ್ಯಾರ್ಥಿ ಏನು ಮಾಡುತ್ತಾನೆ? ಬಹುಮಟ್ಟಿಗೆ ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಆ ಮೌನವನ್ನು ನಾವು ಸುಳ್ಳು ಸಿಕ್ಕಿಬಿದ್ದ ಗುರುತೆಂದು ಓದುತ್ತೇವೆ.

ಸುಳ್ಳು ಹೇಳುವವರೇ ಇಲ್ಲವೆಂದು ನಾನು ವಾದಿಸುವುದಿಲ್ಲ. ವಿದ್ಯಾರ್ಥಿಗಳು ಎಲ್ಲ ದೇಶದಲ್ಲೂ ವಿದ್ಯಾರ್ಥಿಗಳೇ. ಆದರೆ ಖಾತರಿ ಮಾಡಿಕೊಳ್ಳಲು ಬೇರೆ ದಾರಿಗಳಿವೆ. ಎಲ್ಲ ದೊಡ್ಡ ವಿಶ್ವವಿದ್ಯಾಲಯಗಳಲ್ಲೂ ಮೂಲನಿವಾಸಿ ವಿದ್ಯಾರ್ಥಿಗಳ ಕೇಂದ್ರವಿದೆ. ಮೆಲ್ಬರ್ನಿನ ಮುರ್ರುಪ್ ಬರಾಕ್, ಕ್ಯಾನ್‌ಬೆರಾದ ಜಬಾಲ್, ನ್ಯೂಕಾಸಲ್‌ನ ವೊಲ್ಲೊಟುಕಾ ಇಂಥವು. ಅಲ್ಲಿನ ಸಿಬ್ಬಂದಿಯ ಒಂದು ಸಾಲಿನ ಟಿಪ್ಪಣಿ ಬಹಳಷ್ಟು ಕಡೆ ಸಾಕಾಗುತ್ತದೆ. ಇಲ್ಲವಾದರೆ ವಿದ್ಯಾರ್ಥಿಯೇ ಪ್ರಮಾಣ ಮಾಡಿ ಬರೆದುಕೊಡುವ ಘೋಷಣೆಯನ್ನು ಒಪ್ಪಿಕೊಳ್ಳಬಹುದು. ಇಲ್ಲಿಯೂ ಒಂದು ಮಾತು ಹೇಳಲೇಬೇಕು. ಆ ಕೇಂದ್ರದಲ್ಲಿರುವವರು ಕೆಲವೇ ಜನ, ಅವರಲ್ಲಿ ಹಲವರು ಸ್ವತಃ ಅಬೊರಿಜಿನಲ್. ಒಂದು ಸಲ ವಿದ್ಯಾರ್ಥಿನಿಯ ಹೇಳಿಕೆ ನಿಜವೇ ಎಂದು ವಿಚಾರಿಸಲು ಒಬ್ಬ ಟ್ಯೂಟರ್ ಅಲ್ಲಿನ ಅಧಿಕಾರಿಗೆ ಮೇಲಿಂದ ಮೇಲೆ ಫೋನ್ ಮಾಡಿ, ಎತ್ತುತ್ತಿಲ್ಲವೆಂದು ನನ್ನಲ್ಲಿ ದೂರಿದರು. ಆಕೆ ಎತ್ತದಿದ್ದದ್ದಕ್ಕೆ ಕಾರಣ, ಆಕೆಯೂ ಅದೇ ಅಂತ್ಯಕ್ರಿಯೆಯಲ್ಲಿದ್ದರು. ಅಬೊರಿಜಿನಲ್ ಅಧ್ಯಾಪಕರ ಪಾಡೂ ಇದೇ. ತಮ್ಮ ಪಾಠ, ತಮ್ಮ ಸಂಶೋಧನೆ, ತಮ್ಮ ಮನೆಯ ಸಾವುಗಳ ಜೊತೆಗೆ, ಇಡೀ ವಿಭಾಗದ ಸಂಶಯಗಳನ್ನು ಪರಿಹರಿಸುವ ಕೆಲಸವೂ ಸಂಬಳವಿಲ್ಲದೆ ಅವರ ಹೆಗಲೇರುತ್ತದೆ. ಇಮೇಲ್‌ನಲ್ಲಿ ಒಂದೇ ಸಲ ಕೇಳಿ, ಕಾಯಿರಿ.

ತಡವಾದರೆ ಅಂಕವಷ್ಟೇ ಹೋಗುತ್ತದೆ ಎಂದು ತಿಳಿಯಬಾರದು, ಹಣವೂ ಹೋಗುತ್ತದೆ. ಪ್ರತಿ ವಿಷಯಕ್ಕೂ ‘ಸೆನ್ಸಸ್ ಡೇಟ್’ ಎಂಬ ದಿನವಿದೆ. ಕಾನೂನಿನ ಪ್ರಕಾರ ಅದು ಅವಧಿಯ ಶೇ. 20 ಭಾಗ ಮುಗಿಯುವ ಮೊದಲು ಬರುವಂತಿಲ್ಲ, ಬಹುಪಾಲು ಕಡೆ ಮಾರ್ಚ್ ಮತ್ತು ಆಗಸ್ಟ್ ಕೊನೆಯ ಹೊತ್ತಿಗೆ ಬರುತ್ತದೆ. ಅಷ್ಟರೊಳಗೆ ವಿಷಯವನ್ನು ಕೈಬಿಡದಿದ್ದರೆ ಶುಲ್ಕ ಹೆಕ್ಸ್ ಎಂಬ ಸರ್ಕಾರಿ ಶಿಕ್ಷಣ ಸಾಲವಾಗಿ ತಲೆಗೆ ಬರುತ್ತದೆ, ಪಾಸಾದರೂ ನಪಾಸಾದರೂ. ವಿಶೇಷ ಸನ್ನಿವೇಶದ ಕಾರಣಕ್ಕೆ ಆ ಸಾಲವನ್ನು ತೆಗೆಸಿಹಾಕಲು ಹನ್ನೆರಡು ತಿಂಗಳೊಳಗೆ ಅರ್ಜಿ ಹಾಕಬಹುದು. ಇದನ್ನು ಬಾಯಿಬಿಟ್ಟು ಹೇಳುವ ಟ್ಯೂಟರನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. 2022ರಿಂದ ಎರಡು ವರ್ಷ ಇದ್ದ ಇನ್ನೊಂದು ನಿಯಮದಂತೆ, ಪದವಿಯಲ್ಲಿ ಎಂಟು ಅಥವಾ ಹೆಚ್ಚು ವಿಷಯ ತೆಗೆದುಕೊಂಡ ಮೇಲೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಪಾಸಾದವರಿಗೆ ಸರ್ಕಾರದ ಸಹಾಯಧನವೇ ನಿಲ್ಲುತ್ತಿತ್ತು. 2024ರ ಜನವರಿಯಿಂದ ಅದು ರದ್ದಾಯಿತು. ಅದೇ ವರ್ಷದಿಂದ, ವೈದ್ಯಕೀಯವೊಂದನ್ನು ಆಗ ಹೊರಗಿಟ್ಟು, ಅರ್ಹತೆ ಪಡೆದ ಪ್ರತಿ ಮೂಲನಿವಾಸಿ ವಿದ್ಯಾರ್ಥಿಗೂ, ಊರು ಯಾವುದೇ ಇರಲಿ, ಸರ್ಕಾರಿ ನೆರವಿನ ಸೀಟು ಖಾತರಿಯಾಯಿತು. ಬರುವವರ ಸಂಖ್ಯೆ ಹೆಚ್ಚಿದರೆ ನಿಮ್ಮ ಇನ್‌ಬಾಕ್ಸಿಗೆ ಇಂಥ ಇಮೇಲ್‌ಗಳೂ ಹೆಚ್ಚಲಿವೆ.

ಇದನ್ನೆಲ್ಲ ಕೇಳಿಸಿಕೊಂಡ ಕೆಲವರು ಇನ್ನೊಂದು ತುದಿಗೆ ಜಾರುತ್ತಾರೆ. ‘ಪಾಪ, ಬರೆಯುವುದೇ ಬೇಡ, ಪಾಸು ಮಾಡಿಬಿಡೋಣ’ ಎನ್ನುತ್ತಾರೆ. ನೋಂದಾಯಿತ ನರ್ಸ್ ಆಗಬೇಕಾದವರು ಕನಿಷ್ಠ 800 ಗಂಟೆಗಳ ಆಸ್ಪತ್ರೆ ತರಬೇತಿ ಮುಗಿಸಲೇಬೇಕು. ಅದರಲ್ಲಿ ಒಂದು ಗಂಟೆಯನ್ನೂ ಕರುಣೆಯಿಂದ ಮನ್ನಾ ಮಾಡಲು ನನಗೆ ಅಧಿಕಾರವಿಲ್ಲ, ಇದ್ದರೂ ಮಾಡುತ್ತಿರಲಿಲ್ಲ. ನನ್ನ ಬಳಿ ಕಲಿತ ಒಬ್ಬಾಕೆಗೆ, ಎರಡು ಮಕ್ಕಳ ತಾಯಿ, ಒಬ್ಬ ಟ್ಯೂಟರ್ ಸುಲಭದ ಬದಲಿ ಪ್ರಶ್ನೆ ಕೊಡಲು ಹೋದಾಗ ಆಕೆ, ‘ನಾನು ಕೇಳಿದ್ದು ದಿನಾಂಕ, ರಿಯಾಯಿತಿಯಲ್ಲ’ ಎಂದು ಉತ್ತರಿಸಿದ್ದರು. ಈಗ ಆಕೆ ತಮ್ಮೂರಿನ ಕ್ಲಿನಿಕ್ಕಿನಲ್ಲಿ ನಮ್ಮ ವಿದ್ಯಾರ್ಥಿಗಳಿಗೇ ತರಬೇತಿ ಕೊಡುತ್ತಾರೆ, ಮತ್ತು ಗಡುವಿನ ವಿಷಯದಲ್ಲಿ ನನಗಿಂತ ಬಿಗಿ.

ಹಾಗಾದರೆ ಮಾಡಬೇಕಾದುದೇನು? ಇಮೇಲ್ ಬಂದ ದಿನವೇ ‘ನಿಮ್ಮ ಬಳಗದ ದುಃಖ ತಿಳಿದು ನೋವಾಯಿತು, ಗಡುವು ಮುಂದೂಡಲಾಗಿದೆ, ಕಾಗದಪತ್ರದ ವಿಷಯ ಕೇಂದ್ರದ ಮೂಲಕ ನೋಡಿಕೊಳ್ಳೋಣ’ ಎಂದು ಎರಡು ಸಾಲು ಬರೆಯಿರಿ. ಸತ್ತವರ ಹೆಸರು ಕೇಳಬೇಡಿ, ಅವರು ನಿಮಗೆ ಯಾವ ಸಂಬಂಧವೆಂದು ಕೇಳಬೇಡಿ. ಅಂತ್ಯಕ್ರಿಯೆಯ ದಿನ ಗೊತ್ತಾಗಿದೆಯೇ ಎಂದು ಮಾತ್ರ ಕೇಳಿ. ಗೊತ್ತಾಗಿಲ್ಲವೆಂದರೆ ಹೊಸ ಗಡುವನ್ನು ತಾತ್ಕಾಲಿಕವೆಂದು ದಾಖಲಿಸಿ, ಇನ್ನೊಮ್ಮೆ ಬದಲಾಯಿಸಬೇಕಾದೀತೆಂದು ಸಂಯೋಜಕರಿಗೆ ಅಂದೇ ತಿಳಿಸಿ. ಫಲಿತಾಂಶ ಅಂತಿಮಗೊಳಿಸುವ ಸಭೆಗೆ ಮುಂಚೆ ಆ ಟಿಪ್ಪಣಿ ನಮ್ಮ ಕೈಸೇರಿದರೆ ನಪಾಸಿನ ಬದಲು ‘ಫಲಿತಾಂಶ ಬಾಕಿ’ ಎಂದು ನಮೂದಿಸಲು ಬಹುತೇಕ ಕಡೆ ಅವಕಾಶವಿರುತ್ತದೆ. ಸಭೆ ಮುಗಿದ ಮೇಲೆ ತಂದರೆ ಒಂದು ಅಕ್ಷರ ತಿದ್ದಲು ಮೂರು ಸಮಿತಿಗಳ ಮುಂದೆ ನಿಲ್ಲಬೇಕಾಗುತ್ತದೆ.