ಜಪಾನಿ ಭಾಷೆಯಲ್ಲಿ 'ಫೇಲ್': ಎಲ್ಲಿಗೆ ಯಾವ ಪದ?

ನಮಗೆ 'ಫೇಲ್' ಅನ್ನೋ ಒಂದು ಪದ ಸಾಕು. ಗಣಿತದಲ್ಲೂ ಫೇಲ್, ಪಿಯುಸಿಯಲ್ಲೂ ಫೇಲ್, ಎಂಟ್ರೆನ್ಸ್‌ನಲ್ಲೂ ಫೇಲ್. ಜಪಾನಿಯಲ್ಲಿ ಹಾಗಲ್ಲ. ಹೋಗಿದ್ದು ಅಂಕವೋ, ಕ್ರೆಡಿಟ್ಟೋ, ವರ್ಷವೋ, ಸೀಟೋ ಅಂತ ನೋಡಿ ಪದ ಆರಿಸಬೇಕು. ಕೆಳಗಿನ ಪದಗಳಲ್ಲಿ ಒ-ಓ ವ್ಯತ್ಯಾಸವನ್ನು ಬರೆದ ಹಾಗೇ ಉಚ್ಚರಿಸಿ.

ಮೊದಲು ಕಲಿಯಬೇಕಾದದ್ದು 'ಶಿಕೆನ್ ನಿ ಒಚಿರು'. ಶಿಕೆನ್ ಅಂದರೆ ಪರೀಕ್ಷೆ, ಒಚಿರು ಅಂದರೆ ಬೀಳು. ನಾವು 'ಪರೀಕ್ಷೆಯಲ್ಲಿ' ಅನ್ನುವುದರಿಂದ, 'ಅಲ್ಲಿ' ಅನ್ನೋ ಅರ್ಥದ 'ದೆ' ಪ್ರತ್ಯಯ ಹಾಕೋಣ ಅನ್ನಿಸುತ್ತದೆ. ಆದರೆ ಇಲ್ಲಿ ಬರುವುದು 'ನಿ'. ಪಾಸಾಗುವುದಕ್ಕೂ ಅಷ್ಟೆ: 'ಶಿಕೆನ್ ನಿ ಉಕರು'.

ಇದರ ಜೋಡಿ ಕ್ರಿಯಾಪದ 'ಒತೊಸು'. ಬೀಳು-ಬೀಳಿಸು ಹೇಗೋ, ಒಚಿರು-ಒತೊಸು ಹಾಗೆ. ಕಾಲೇಜು ಹುಡುಗರ ಬಾಯಲ್ಲಿ ಕೇಳುವ 'ತನ್‌ಇ ಒ ಒತೊಶಿತ' ಅಂದರೆ ಕ್ರೆಡಿಟ್ ಹೋಯ್ತು ಅಂತ. ಇಲ್ಲಿ ಕ್ರೆಡಿಟ್ ಕರ್ಮ, ಅದಕ್ಕೇ 'ಒ' ಪ್ರತ್ಯಯ. ಹೋದದ್ದು 'ಹಿಶ್ಶೂ', ಅಂದರೆ ಕಡ್ಡಾಯ ವಿಷಯ ಆಗಿದ್ದರೆ ಮತ್ತೆ ಅದೇ ಕ್ಲಾಸಿಗೆ ಕೂರಬೇಕು. ಅದು 'ಸಯಿರಿಶೂ'.

ಮಾತಿನಲ್ಲಿ ಬರೀ 'ಒಚಿತ' ಅನ್ನುವುದಕ್ಕಿಂತ 'ಒಚಿಚತ್ತ' ಜಾಸ್ತಿ ಸಹಜ. ಇದು 'ಒಚಿತೆ ಶಿಮತ್ತ' ಎಂಬುದರ ಚಿಕ್ಕ ರೂಪ. ಕನ್ನಡದವರಿಗೆ ಇದು ಸುಲಭ: 'ಫೇಲ್ ಆದೆ' ಮತ್ತು 'ಫೇಲ್ ಆಗ್ಬಿಟ್ಟೆ' ನಡುವೆ ಏನು ವ್ಯತ್ಯಾಸವೋ ಅದೇ ಇಲ್ಲೂ ಇದೆ. 'ಬಿಟ್ಟೆ' ತರುವ ಬೇಸರವನ್ನು ಅಲ್ಲಿ 'ಶಿಮೌ' ತರುತ್ತದೆ.

ಹೈಸ್ಕೂಲಿನಲ್ಲಿ ಪಾಸ್ ಮಾರ್ಕ್ಸ್‌ಗಿಂತ ಕಡಿಮೆ ಬಂದರೆ 'ಅಕತೆನ್', ಅಂದರೆ ಕೆಂಪು ಅಂಕ. ಗಡಿ ಒಂದೊಂದು ಶಾಲೆಯಲ್ಲಿ ಒಂದೊಂದು: ಕೆಲವೆಡೆ 30ಕ್ಕಿಂತ ಕಡಿಮೆ, ಕೆಲವೆಡೆ ಸರಾಸರಿಯ ಅರ್ಧ. ಆಮೇಲೆ 'ಹೊಶೂ' (ಹೆಚ್ಚುವರಿ ಪಾಠ), 'ತ್ಸುಯಿಶಿ' (ಮರುಪರೀಕ್ಷೆ).

ಅದೇ ತರಗತಿಯಲ್ಲಿ ಉಳಿದರೆ 'ರ್ಯೂನೆನ್'. ಜಪಾನಿನಲ್ಲಿ ಮೊದಲ 9 ವರ್ಷ ಕಡ್ಡಾಯ ಶಿಕ್ಷಣ, ಅಲ್ಲಿ ಮಕ್ಕಳನ್ನು ಹಿಂದೆ ಉಳಿಸುವುದು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ಈ ಪದ ಹೈಸ್ಕೂಲು, ಕಾಲೇಜಿನವರದು. 'ರಕುದಯಿ' ಸ್ವಲ್ಪ ಹಳೆಯ ಪದ. ಗೆಳೆಯರ ನಡುವೆ 'ದಬುರು' ಅನ್ನುತ್ತಾರೆ. ಡಬಲ್ ಅನ್ನುವುದನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ.

ರ್ಯೂನೆನ್ ಜೊತೆ 'ರೋನಿನ್' ಬೆರೆಸಬೇಡಿ. ರ್ಯೂನೆನ್ ಕಾಲೇಜಿನ ಒಳಗಿದ್ದವರಿಗೆ. ರೋನಿನ್ ಇನ್ನೂ ಹೊರಗೇ ಇರುವವರಿಗೆ: ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಬಿದ್ದು, ಮುಂದಿನ ವರ್ಷಕ್ಕೆ ಓದುತ್ತಿರುವವರು. ಹಿಂದೆ ಒಡೆಯನಿಲ್ಲದ ಸಮುರಾಯ್‌ಗೆ ಹೀಗೆ ಕರೆಯುತ್ತಿದ್ದರು. ಒಂದು ವರ್ಷವಾದರೆ 'ಇಚಿರೋ', ಎರಡಾದರೆ 'ನಿರೋ'. ಬಹಳ ಜನ 'ಯೊಬಿಕೋ' ಎಂಬ ಕೋಚಿಂಗ್ ಶಾಲೆ ಸೇರುತ್ತಾರೆ. ನೇರವಾಗಿ ಸೀಟು ಸಿಕ್ಕವರು 'ಗೆನ್‌ಎಕಿ'. ನಮ್ಮಲ್ಲಿ ನೀಟ್‌ಗೆ ಒಂದು ವರ್ಷ ಬಿಟ್ಟು ಓದುವವರಿಗೆ ರೋನಿನ್ ಸರಿಯಾಗಿ ಹೊಂದುತ್ತದೆ, ಅಲ್ವಾ?

ಪರೀಕ್ಷೆ ಬರೆಯಲು ಹೊರಟವರ ಎದುರು 'ಒಚಿರು', 'ಸುಬೆರು' (ಜಾರು) ಎರಡೂ ಬೇಡ. ಜಾರುವುದಕ್ಕೂ ಫೇಲ್ ಎಂಬ ಅರ್ಥವಿದೆ. ಅದಕ್ಕೇ ಮೊದಲ ಆಯ್ಕೆ ಕೈತಪ್ಪಿದರೆ ಇರಲಿ ಅಂತ ಅರ್ಜಿ ಹಾಕುವ ಕಾಲೇಜು 'ಸುಬೆರಿದೊಮೆ', ಜಾರದಂತೆ ತಡೆಯುವುದು. 'ಕತ್ಸು' ಅಂದರೆ ಗೆಲ್ಲು, ಹಾಗಾಗಿ ಹಿಂದಿನ ದಿನ ಕತ್ಸುದೊನ್ (ಅನ್ನದ ಮೇಲೆ ಕರಿದ ಹಂದಿ ಮಾಂಸ) ತಿನ್ನುವವರಿದ್ದಾರೆ.

ಜೆಎಲ್‌ಪಿಟಿ, ಅಂದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಫಲಿತಾಂಶದಲ್ಲಿ ಇರುವುದು 'ಗೋಕಕು' (ಪಾಸ್) ಅಥವಾ 'ಫುಗೋಕಕು' (ಫೇಲ್). ಅದರ ಎನ್4 ಹಂತಕ್ಕೆ 180ರಲ್ಲಿ 90 ಬೇಕು. ಆದರೆ ಒಟ್ಟು 100 ಬಂದರೂ 'ಚೋಕಯಿ', ಅಂದರೆ ಆಲಿಸುವ ಭಾಗದಲ್ಲಿ 60ಕ್ಕೆ 19 ಬರದಿದ್ದರೆ ಫುಗೋಕಕು. ಆಗ ಹೇಳಬೇಕಾದ್ದು: 'ಎನು-ಯೊನ್ ನಿ ಒಚಿಮಶಿತ. ಚೋಕಯಿ ದೆ ಒಚಿಮಶಿತ.' ಪರೀಕ್ಷೆಗೆ 'ನಿ', ಬೀಳಿಸಿದ ಭಾಗಕ್ಕೆ 'ದೆ'.