ಅವಳಿಗಳಲ್ಲಿ ಒಬ್ಬರಿಗೆ ಬಿಪಿ ಬಂದರೆ ಇನ್ನೊಬ್ಬರಿಗೂ ಬರಲೇಬೇಕಾ?

ಪ್ರಶ್ನೆ: ನಾವು ಅವಳಿ ಅಣ್ಣತಮ್ಮಂದಿರು. ಅಣ್ಣನಿಗೆ ಬಿಪಿ ಮಾತ್ರೆ ಶುರುವಾಗಿದೆ. ನನಗೂ ಬರೋದು ಖಾತ್ರಿ ಅಲ್ವಾ? (ಮೂಡಿಗೆರೆಯ ಓದುಗರು)

ಖಾತ್ರಿ ಏನಿಲ್ಲ. ಅಪ್ಪನಿಗೆ, ಅಮ್ಮನಿಗೆ ಬಿಪಿ ಇದ್ದವರೆಲ್ಲ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಬರೆದರೂ ಮತ್ತೆ ಬರುವ ಪ್ರಶ್ನೆ ಇದು. ಈ ಸಲ ದಯವಿಟ್ಟು ಕೊನೆವರೆಗೂ ಓದಿ.

ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಎರಡು ಅಂಡದವರಾದರೆ ಸರಾಸರಿ ಅರ್ಧದಷ್ಟು ಮಾತ್ರ ಹೋಲಿಕೆ. ಯಾವ ಥರದ ಅವಳಿಗಳಾದರೂ ಬೆಳೆಯೋದು ಒಂದೇ ಮನೆಯಲ್ಲಿ, ಉಣ್ಣೋದು ಒಂದೇ ಅಡುಗೆ. ಆದರೂ ಎರಡು ಅಂಡದವರಿಗಿಂತ ತದ್ರೂಪಿಗಳಲ್ಲಿ ಒಬ್ಬರ ಬಿಪಿ ಇನ್ನೊಬ್ಬರದ್ದಕ್ಕೆ ಜಾಸ್ತಿ ಹತ್ತಿರ ಇರುತ್ತದೆ. ಆ ಅಂತರ ನೋಡಿಯೇ ವಂಶದ ಪಾಲನ್ನು ಲೆಕ್ಕ ಹಾಕುತ್ತಾರೆ. ಬಿಪಿಗೆ ಅದು ಸುಮಾರು ಶೇ. 30ರಿಂದ 50.

ಎಲ್ಲರೂ ಎಡವೋದು ಇಲ್ಲೇ. 'ಶೇ. 50 ವಂಶದ್ದು ಅಂದ್ರೆ ನನ್ನ 150ರಲ್ಲಿ 75 ಅಪ್ಪನದು, ಉಪ್ಪು ಬಿಟ್ಟು ಏನು ಪ್ರಯೋಜನ?' ಅನ್ನುತ್ತಾರೆ. ಪೂರ್ತಿ ತಪ್ಪು. ಆ ಶೇಕಡಾ ನಿಮ್ಮೊಬ್ಬರದ್ದಲ್ಲ. ಒಂದು ಗುಂಪಿನ ಜನರ ಬಿಪಿ ಒಬ್ಬರಿಂದೊಬ್ಬರಿಗೆ ಯಾಕೆ ಬೇರೆ ಇದೆ ಅನ್ನೋದರ ಲೆಕ್ಕ ಅದು. ಇಡೀ ಊರಿನವರು ಒಂದೇ ಅಳತೆ ಉಪ್ಪು ತಿಂದು, ಒಂದೇ ಥರ ದುಡಿದು, ಒಂದೇ ಹೊತ್ತು ಮಲಗಿದರು ಅಂದುಕೊಳ್ಳಿ. ಆಗ ಉಳಿಯುವ ವ್ಯತ್ಯಾಸ ಹೆಚ್ಚಾಗಿ ಜೀನ್‌ನದೇ. ಶೇಕಡಾ ಏರುತ್ತದೆ, ಯಾರ ಜೀನೂ ಬದಲಾಗಿರುವುದಿಲ್ಲ! ವಿದ್ಯಾರ್ಥಿಗಳಿಗೆ ಇದು ಹೊಳೆದ ದಿನ ನನಗೆ ಪಾಠ ಮಾಡಿದ್ದು ಸಾರ್ಥಕ ಅನಿಸುತ್ತದೆ.

'ಬಿಪಿ ಜೀನ್' ಅಂತ ಒಂದೇ ಒಂದು ಇಲ್ಲ. ನಮ್ಮ ಡಿಎನ್‌ಎಯಲ್ಲಿ ಸಾವಿರಕ್ಕೂ ಹೆಚ್ಚು ಜಾಗಗಳು ಬಿಪಿಗೆ ತಳುಕು ಹಾಕಿಕೊಂಡಿವೆ. ಒಂದೊಂದರ ಪ್ರಭಾವ ತೀರಾ ಸಣ್ಣದು. ಲಿಡಲ್ ಸಿಂಡ್ರೋಮ್ ಅನ್ನೋ ವಂಶದ ಕಾಯಿಲೆಯಂತೆ ಒಂದೇ ಜೀನ್‌ನಿಂದ ಬಿಪಿ ಏರುವುದು ಬಲು ಅಪರೂಪ. ಹಾಗಾಗಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು. ಬಿಪಿ ಮನೆತನದಲ್ಲೇ ಇದ್ದರೂ ಇದರಿಂದ ಉಪಯೋಗ ಇದೆ.

ನಾಡಿ ಬಡಿತದಲ್ಲೂ ವಂಶದ ಪಾಲು ಚೆನ್ನಾಗಿಯೇ ಇದೆ. ಆದರೆ ಬಡಿತ 60 ಇದ್ದರೆ ಬಿಪಿಯೂ ಕಡಿಮೆ ಅಂದುಕೊಳ್ಳಬೇಡಿ. ಅದು ಬೇರೆ, ಇದು ಬೇರೆ.

ನೀವು ಕೇಳದಿದ್ದರೂ ಹೇಳಲೇಬೇಕು. ನಮ್ಮ ಕಡೆ ಲೋಟ ತುಂಬ ಕಾಫಿ ಕುಡಿದು ಸೀದಾ ಬಿಪಿ ನೋಡಿಸೋಕೆ ಬರುತ್ತಾರೆ. ಕೆಫೀನ್ ಸ್ವಲ್ಪ ಹೊತ್ತು ಬಿಪಿ ಏರಿಸುತ್ತದೆ, ದಿನಾ ಕುಡಿಯುವವರಲ್ಲಿ ಕಡಿಮೆ. ಕೆಫೀನ್ ಎಷ್ಟು ಬೇಗ ಕರಗುತ್ತದೆ ಅನ್ನೋದರಲ್ಲೂ ಜೀನ್‌ನ ಪಾಲಿದೆ. ಅದಕ್ಕೇ ಕಾಫಿ ಕುಡಿದು ಅರ್ಧ ಗಂಟೆ ಬಿಡಿ. ಐದು ನಿಮಿಷ ಸುಮ್ನೆ ಕೂತು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕಿಟ್ಟು ನೋಡಿಸಿ. ಅಣ್ಣನಿಗೆ ಬಿಪಿ ಇದೆ ಅಂದಮೇಲೆ ನೀವು ಈ ವಾರವೇ ಹೋಗಿ.