ವಾಲ್ವ್ ತೆರೆಯುವ ಮೊದಲು: ಬಂಕಿನಲ್ಲಿ ಇಂಧನ ಇಳಿಸುವಾಗಿನ ಎಚ್ಚರ

ಪೆಟ್ರೋಲ್ ಬಂಕಿನ ಸಿಬ್ಬಂದಿಗೆ ತರಬೇತಿ ನೀಡುವಾಗ ನಾನು ಬೆಂಕಿ ಆರಿಸುವ ಸಿಲಿಂಡರ್‌ಗಳ ಮಾತನ್ನು ಕೊನೆಗಿಟ್ಟು, ಲೆಕ್ಕದಿಂದ ಆರಂಭಿಸುತ್ತೇನೆ. ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಜಾಗವಿದೆ, ಟ್ಯಾಂಕರಿನ ಯಾವ ಕಂಪಾರ್ಟ್‌ಮೆಂಟ್ (ಒಳಗಿನ ಪ್ರತ್ಯೇಕ ವಿಭಾಗ) ಯಾವ ಟ್ಯಾಂಕಿಗೆ ಹೋಗಬೇಕು ಎಂಬುದು ಖಚಿತವಾಗದೆ ವಾಲ್ವ್ ತೆರೆದರೆ, ಆಮೇಲಿನ ಎಚ್ಚರಿಕೆಗಳಿಗೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ.

20,000 ಲೀಟರಿನ ಟ್ಯಾಂಕನ್ನೇ ತೆಗೆದುಕೊಳ್ಳಿ. ಶಾಖಕ್ಕೆ ಇಂಧನ ಹಿಗ್ಗುವುದರಿಂದ ಅದನ್ನು ಬಾಯಿಯವರೆಗೆ ತುಂಬುವಂತಿಲ್ಲ. ಸುರಕ್ಷಿತ ಮಿತಿ ಶೇ 97 ಎಂದಿಟ್ಟುಕೊಂಡರೆ 19,400 ಲೀಟರ್ ಮಾತ್ರ. ಇಂಧನದ ಮಟ್ಟ ಅಳೆಯುವ ಕೋಲು, ಅಂದರೆ ಡಿಪ್ ರಾಡ್, 8,500 ಲೀಟರ್ ತೋರಿಸಿದರೆ ಉಳಿದ ಜಾಗ 10,900 ಲೀಟರ್. ಆಗ 12,000 ಲೀಟರ್ ಇಂಧನವನ್ನು ಇಳಿಸಲು ಶುರುಮಾಡಿ, ‘ಅಷ್ಟರಲ್ಲಿ ಮಾರಾಟವೂ ಆಗುತ್ತದೆ ಬಿಡಿ’ ಎನ್ನುವುದು ಅತ್ಯಂತ ಅಪಾಯಕಾರಿ ಲೆಕ್ಕ. ಟ್ಯಾಂಕ್ ಭರ್ತಿಯಾದ ಮೇಲೆ ಹೋಸ್‌ನಲ್ಲಿ ನಿಂತ ಇಂಧನಕ್ಕೆ ಇಳಿಯಲು ಜಾಗವಿರುವುದಿಲ್ಲ, ಜೋಡಣೆ ಬಿಚ್ಚಿದ ಕೂಡಲೇ ಅದು ನೆಲಕ್ಕೆ ಸುರಿಯುತ್ತದೆ. ಉಕ್ಕುವುದನ್ನು ತಡೆಯುವ ವಾಲ್ವ್ ಇದ್ದೇ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅದಿರುವುದು ಲೆಕ್ಕ ತಪ್ಪಿದ ದಿನಕ್ಕಾಗಿಯೇ ಹೊರತು ಲೆಕ್ಕ ಬಿಡುವುದಕ್ಕಾಗಿ ಅಲ್ಲ.

ಅಪಾಯದ ಮೂಲ ಕಣ್ಣಿಗೆ ಕಾಣುವ ದ್ರವಕ್ಕಿಂತ ಹೆಚ್ಚಾಗಿ ಅದರ ಆವಿಯಲ್ಲಿದೆ. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೊತ್ತಿಕೊಳ್ಳಬಲ್ಲಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ಸುಮಾರು ಶೇ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಮೇಲೇರದೆ ನೆಲದ ಮೇಲೆ ಹರಿದು ಚರಂಡಿಗಳಲ್ಲಿ, ತಗ್ಗುಗಳಲ್ಲಿ ತಂಗುತ್ತದೆ. ಟ್ಯಾಂಕಿಗೆ 5,000 ಲೀಟರ್ ಪೆಟ್ರೋಲ್ ಇಳಿದಾಗ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಆವಿ ಹೊರಬರಲೇಬೇಕು. ಆವಿ ಮರಳಿಸುವ ಹೋಸ್ ಜೋಡಿಸಿದ್ದರೆ ಅದು ಟ್ಯಾಂಕರಿಗೇ ಹಿಂತಿರುಗುತ್ತದೆ, ಇಲ್ಲವಾದರೆ ವೆಂಟ್ ಪೈಪಿನ ಮೂಲಕ ಹೊರಹೋಗುತ್ತದೆ. ಹೀಗಾಗಿ ಖಾಲಿಯಾದ ಕಂಪಾರ್ಟ್‌ಮೆಂಟನ್ನು ನಿರಪಾಯಕರ ಎಂದು ಭಾವಿಸುವುದು ತಪ್ಪು, ಅದರೊಳಗೆ ಆವಿ ಉಳಿದೇ ಇರುತ್ತದೆ.

ಕಿಡಿಯ ವಿಷಯದಲ್ಲಿ ಜನ ಮೊಬೈಲಿಗೆ ಹೆದರುವಷ್ಟು ಸ್ಥಿರ ವಿದ್ಯುತ್ತಿಗೆ ಹೆದರುವುದಿಲ್ಲ. ಇಂಧನ ಪೈಪಿನಲ್ಲಿ ಹರಿಯುವಾಗ ವಿದ್ಯುದಾವೇಶ ಸಂಗ್ರಹವಾಗುತ್ತದೆ. ಅದು ಭೂಮಿಗೆ ಇಳಿದುಹೋಗಲೆಂದೇ ಹೋಸ್ ಜೋಡಿಸುವ ಮೊದಲು ಅರ್ಥಿಂಗ್ ಕ್ಲಿಪ್ಪನ್ನು ಟ್ಯಾಂಕರಿನ ಮೇಲೆ ಬಣ್ಣವಾಗಲಿ ತುಕ್ಕಾಗಲಿ ಇಲ್ಲದ ಬರಿಯ ಲೋಹಕ್ಕೆ ಕಚ್ಚಿಸಬೇಕು, ಹೋಸ್ ಬಿಚ್ಚಿದ ಬಳಿಕವೇ ಅದನ್ನು ತೆಗೆಯಬೇಕು. ಇಂಧನ ತುಂಬುವ ಪೈಪ್ ಟ್ಯಾಂಕಿನ ತಳದ ಸಮೀಪದವರೆಗೂ ಇಳಿದಿರುವುದಕ್ಕೆ ಇದೂ ಒಂದು ಕಾರಣ: ಮೇಲಿನಿಂದ ಚಿಮ್ಮುತ್ತ ಬಿದ್ದರೆ ಆವೇಶವೂ ಆವಿಯೂ ಹೆಚ್ಚುತ್ತವೆ. ಇಳಿಸುವಿಕೆ ನಡೆಯುತ್ತಿರುವಾಗ ಕುತೂಹಲಕ್ಕೆಂದು ಡಿಪ್ ಬಾಯಿ ತೆರೆದು ಅಳೆಯುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಡೀಸೆಲ್ ಟ್ಯಾಂಕಿಗೆ ಪೆಟ್ರೋಲ್ ಇಳಿದರೆ ಅದನ್ನು ಗ್ರಾಹಕರ ಎಂಜಿನ್ನಿಗಾಗುವ ನಷ್ಟವೆಂದಷ್ಟೇ ನೋಡುವವರು ಹೆಚ್ಚು. ಆದರೆ ಡೀಸೆಲ್‌ನೊಂದಿಗೆ ಸ್ವಲ್ಪವೇ ಪೆಟ್ರೋಲ್ ಬೆರೆತರೂ ಅದು ಹೊತ್ತಿಕೊಳ್ಳುವ ತಾಪಮಾನ ಗಣನೀಯವಾಗಿ ಕುಸಿಯುತ್ತದೆ. ಆದ್ದರಿಂದ ಬಿಲ್, ಕಂಪಾರ್ಟ್‌ಮೆಂಟ್, ತುಂಬುವ ಬಾಯಿಯ ಮೇಲಿನ ಗುರುತು ಇವನ್ನು ಚಾಲಕರೂ ಬಂಕಿನ ಜವಾಬ್ದಾರರೂ ಜೊತೆಯಲ್ಲಿ ನಿಂತು ತಾಳೆ ನೋಡಬೇಕು. ಒಬ್ಬರು ಚಹಾ ಕುಡಿಯಲು ಹೋಗಿ ಇನ್ನೊಬ್ಬರು ಕೆಲಸ ಮುಗಿಸುವ ಸಹಕಾರ ಇಲ್ಲಿ ಸಲ್ಲದು. ವಾಲ್ವ್ ತೆರೆದಿರುವಷ್ಟು ಹೊತ್ತೂ ಅದನ್ನು ಮುಚ್ಚಬಲ್ಲವರು ಕೈಗೆಟಕುವ ದೂರದಲ್ಲೇ ಇರಬೇಕು.

ಟ್ಯಾಂಕರಿನ ಎಂಜಿನ್ ಆರಿಸಿ, ಗಾಲಿಗೆ ಅಡೆ ಕೊಟ್ಟು, ಅಗತ್ಯ ಬಿದ್ದರೆ ನೇರವಾಗಿ ಹೊರಗೆ ಹೋಗುವಂತೆ ಅದನ್ನು ನಿಲ್ಲಿಸುವುದು, ಸುತ್ತ ಕೋನ್‌ಗಳನ್ನಿಟ್ಟು ವಾಹನಗಳನ್ನು ದೂರವಿಡುವುದು ಬಹುತೇಕ ಎಲ್ಲರಿಗೂ ಗೊತ್ತಿದೆ. ಚೆಲ್ಲಿದ್ದನ್ನು ನೀರು ಹಾಯಿಸಿ ಚರಂಡಿಗೆ ತಳ್ಳಬಾರದು ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಪೆಟ್ರೋಲ್ ನೀರಿನ ಮೇಲೆ ತೇಲುತ್ತ ಬೆಂಕಿಯ ಸಾಧ್ಯತೆಯನ್ನು ನಮ್ಮ ಕಣ್ಣಿಗೆ ಬೀಳದ ಕಡೆಗೆ ಕೊಂಡೊಯ್ಯುತ್ತದೆ. ಇಳಿಸುವುದನ್ನು ತಕ್ಷಣ ನಿಲ್ಲಿಸಿ, ಆ ಭಾಗದ ಮಾರಾಟವನ್ನೂ ನಿಲ್ಲಿಸಿ, ಮರಳು ಹಾಕಿ ಹೀರಿಸಬೇಕು. ಆ ಮರಳನ್ನು ಮಾಮೂಲಿ ಕಸದೊಂದಿಗೆ ಸೇರಿಸಬಾರದು.